ಟೊಣ್ ಅಂದಾಗ ಮಾತ್ರ ಒತ್ತಿ

ಈ ಊರಲ್ಲಿ ಯಾರಿಗೂ ಗಮನ ಅನ್ನೋದೇ ಇಲ್ಲ! ಡಾಕ್ಟರು ರೋಗಿಯ ನಾಲಿಗೆ ನೋಡುತ್ತ ಮೊಬೈಲ್ ತಿಕ್ಕುತ್ತಾರೆ. ಮೇಷ್ಟ್ರು "ಎಲ್ಲಿದ್ದೆ ನಾನು?" ಅಂತ ಮಕ್ಕಳನ್ನೇ ಕೇಳುತ್ತಾರೆ. ಹೋದ ವಾರ ಇವರನ್ನೆಲ್ಲ ಈ ಅಂಕಣದಲ್ಲಿ ಝಾಡಿಸಿ, ಕೊನೆಗೊಂದು ಸವಾಲು ಎಸೆದಿದ್ದೆ: "ಹನ್ನೆರಡು ವರ್ಷ, ದಿನಕ್ಕೊಂದು ಗಂಟೆ ಧ್ಯಾನ ಮಾಡಿದವನು ನಾನು. ನನ್ನ ಗಮನವನ್ನು ಯಾರು ಬೇಕಾದರೂ ಅಳೆಯಿರಿ. ಬಂದ ಅಂಕ ಇಲ್ಲೇ ಅಚ್ಚು ಹಾಕಿಸುತ್ತೇನೆ!"

ಅಳೆಯಲು ಬಂದೇಬಿಟ್ಟಳು! ಧ್ಯಾನಿಗಳ ಗಮನದ ಬಗ್ಗೆ ಸಂಶೋಧನೆ ಮಾಡುವ ಹುಡುಗಿ, ಲ್ಯಾಪ್‌ಟಾಪ್ ಸಮೇತ.

"ಇದು ಟಿಣ್, ಟಿಣ್ ಅಂತಿರುತ್ತೆ ಸಾರ್. ಆಗೊಮ್ಮೆ ಈಗೊಮ್ಮೆ ಟೊಣ್ ಅನ್ನುತ್ತೆ. ಟೊಣ್ ಅಂದಾಗ ಮಾತ್ರ ಗುಂಡಿ ಒತ್ತಿ. ಇಪ್ಪತ್ತು ನಿಮಿಷ."

"ಇಷ್ಟೇನಾ? ಆನೆ ತೂಗೋಕೆ ಅಕ್ಕಸಾಲಿ ತಕ್ಕಡಿ ತಂದಿದ್ದೀಯಲ್ಲಮ್ಮ!"

"ಆದ್ರೆ ಮನೇಲಿ ಸದ್ದಿರಬೇಕು ಸಾರ್."

"ಯುದ್ಧವೇ ನಡೀಲಿ!" ಎಂದು ಅಡುಗೆಮನೆಗೆ ಆಜ್ಞೆ ಹೊರಡಿಸಿದೆ. "ಏನೇ, ನಾನು ಮನೇಲೇ ಇಲ್ಲ ಅಂದ್ಕೊಂಡು ನಿನ್ನ ಕೆಲಸ ಮಾಡು!"

ಹೆಂಡತಿ ಸೌಟು ಹಿಡಿದು ಬಾಗಿಲಿಗೆ ಬಂದಳು. "ನಿಜವಾಗ್ಲೂ ಮಾಡ್ಲಾ?"

"ಮಾಡು!"

"ಆಮೇಲೆ ನನ್ನ ಮೇಲೆ ಹಾರಾಡಬಾರದು."

"ಧ್ಯಾನಿ ಹಾರಾಡೋದಿಲ್ಲ ಕಣೇ!"

ಪದ್ಮಾಸನ ಹಾಕಿ ಕೂತೆ. ಮೊದಲ ಮೂರು ಟೊಣ್ ಬಂದವು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಒತ್ತಿದೆ. ಆಮೇಲೆ ಕುಕ್ಕರ್ ಕೂಗಿತು. ಒತ್ತಿದೆ! ಮಿಕ್ಸಿ ಗರ್ಜಿಸಿತು. ಎರಡು ಸಲ ಒತ್ತಿದೆ! ಏಣಿ ಕೇಳಲು ಪಕ್ಕದ ಮನೆಯಾಕೆ ಬಂದು ಬೆಲ್ ಹೊಡೆದಳು. ಆಕೆ ಹೋಗುವವರೆಗೂ ಒತ್ತುತ್ತಲೇ ಇದ್ದೆ! ಅಷ್ಟರಲ್ಲಿ ನಾದಿನಿಯ ಫೋನು. ಸ್ಪೀಕರ್‌ನಲ್ಲಿ ಅವಳ ಮೊಣಕಾಲು ನೋವಿನ ಪುರಾಣ ಶುರುವಾಯಿತು. ಬಲಗಾಲೋ ಎಡಗಾಲೋ ಅಂತ ಕಿವಿ ನಿಮಿರಿಸಿದ್ದರಲ್ಲಿ ಎಷ್ಟು ಟೊಣ್ ಹಾರಿಹೋದವೋ, ದೇವರೇ ಬಲ್ಲ!

"ನಿಲ್ಲಿಸೇ ಅದನ್ನ!" ಎಂದು ಅಬ್ಬರಿಸಿ ಹಾರಿದೆ. ಜೋಮು ಹಿಡಿದಿದ್ದ ಕಾಲುಗಳು ನನ್ನ ಜೊತೆ ಹಾರಲಿಲ್ಲ. ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಮೇಲೆ ಬಿದ್ದೆ, ಸ್ಟ್ಯಾಂಡು ನನ್ನ ಮೇಲೆ ಬಿತ್ತು, ಒದ್ದೆ ಬೆಡ್‌ಶೀಟು ನಮ್ಮಿಬ್ಬರನ್ನೂ ಸುತ್ತಿಕೊಂಡಿತು. ಹುಡುಗಿ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಗೋಡೆಗೆ ಅಂಟಿದಳು.

"ಬಿದ್ರಾ?" ಹೆಂಡತಿ ಓಡಿಬಂದು ನಾನು ಉಸಿರಾಡುತ್ತಿರುವುದನ್ನು ಖಾತ್ರಿ ಮಾಡಿಕೊಂಡು, ಹುಡುಗಿಯತ್ತ ತಿರುಗಿದಳು. "ಈವರೆಗೆ ಇಪ್ಪತ್ತಾರು ಟೊಣ್ ಆಯ್ತಲ್ವಾಮ್ಮ? ಮಿಕ್ಸಿ ತಿರುಗುವಾಗ ಎರಡು ನನಗೆ ಕೇಳದೆ ಹೋಗಿರಬಹುದು."

ಹುಡುಗಿ ಪರದೆ ನೋಡಿದಳು. ಬಾಯಿ ತೆರೆದಳು. "ಇಪ್ಪತ್ತೆಂಟು! ಸಾರ್ ಸರಿಯಾಗಿ ಒತ್ತಿದ್ದು ಆರು... ಆಂಟಿ, ನೀವೂ ಧ್ಯಾನ ಮಾಡ್ತೀರಾ?"

"ನನಗೆಲ್ಲಿ ಬಿಡುವಮ್ಮ? ಇವರು ಕಣ್ಣು ಮುಚ್ಚಿದಾಗ ಮನೇಲಿ ಸದ್ದಾಗದ ಹಾಗೆ ಕಾಯ್ತೀನಿ ಅಷ್ಟೆ. ಕುಕ್ಕರ್ ಕೂಗೋ ಮುಂಚೆ ಇಳಿಸಬೇಕು, ಗೇಟು ಕಿರ್ ಅಂದ್ರೆ ಬೆಲ್ ಹೊಡೆಯೋ ಮುಂಚೆ ಬಾಗಿಲು ತೆಗೀಬೇಕು, ಫೋನು ನಡುಗಿದ ತಕ್ಷಣ ಎತ್ತಬೇಕು. ಒಂದು ಗಂಟೆ ಕಿವಿ ಆಚೀಚೆ ಆಗೋ ಹಾಗಿಲ್ಲ."

"ಎಷ್ಟು ವರ್ಷದಿಂದ?"

"ಹನ್ನೆರಡು."

ಊರಿನ ಮೇಲೆಲ್ಲ ಕೋಪ ಮಾಡುವ ನನಗೆ ಆಗಲೂ ಕೋಪ ಉಕ್ಕಿ ಬಂತು. ಯಾರ ಮೇಲೆ ಅಂತ ಹುಡುಕಿದರೆ, ಬೆಡ್‌ಶೀಟಿನೊಳಗೆ ನಾನೊಬ್ಬನೇ ಇದ್ದೆ!

ಹುಡುಗಿ "ದೀರ್ಘಕಾಲದ ಅಭ್ಯಾಸಿಗಳು" ಎಂಬ ಪಟ್ಟಿಯಲ್ಲಿ ನನ್ನ ಹೆಸರು ಹೊಡೆದುಹಾಕಿ ನನ್ನ ಹೆಂಡತಿಯ ಹೆಸರು ಬರೆದುಕೊಂಡಳು.

"ಹಾಗಾದ್ರೆ ನಾನು?" ಎಂದೆ, ತಲೆ ಮಾತ್ರ ಹೊರಹಾಕಿ.

"ಬೇಜಾರು ಮಾಡ್ಕೋಬೇಡಿ ಸಾರ್," ಎಂದಳು ಪುಣ್ಯಾತ್ಗಿತ್ತಿ. "ಹೋಲಿಸಿ ನೋಡೋಕೆ, ಯಾವತ್ತೂ ಅಭ್ಯಾಸವೇ ಮಾಡದವರೂ ಒಬ್ಬರು ಬೇಕಿತ್ತು!"