ಮೂರನೇ ಸಿಸ್ಟಮ್ಮು, ಮೂವತ್ತೆಂಟು ಕೂಸು

“ಜಗತ್ತಿನ ಫೋನೆಲ್ಲ ಎರಡೇ ಕಂಪನಿ ಕೈಯಾಗ ಅದಾವು! ಇವತ್ತಿಂದ ನಮ್ಮ ಮನಿ ಸ್ವತಂತ್ರ!” ಎಂದು ಬಸವಕುಮಾರ್ ಭಾನುವಾರ ಊಟದ ತಟ್ಟೆಯ ಮುಂದೆಯೇ ಘೋಷಿಸಿಬಿಟ್ಟ. ಹೊಸಪೇಟೆಯ ತನ್ನ ಪಂಪ್‌ಸೆಟ್ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ವಿಡಿಯೊ ನೋಡಿ ನೋಡಿ, ಆ ಇಬ್ಬರಿಗೂ ಸಡ್ಡು ಹೊಡೆಯುವ ಮೂರನೆಯದೊಂದು ಆಪರೇಟಿಂಗ್ ಸಿಸ್ಟಮ್ಮನ್ನು ಆತ ಪತ್ತೆ ಮಾಡಿದ್ದ. ಪುಕ್ಕಟೆ ಬೇರೆ! ಕ್ರಾಂತಿಗೆ ಬೇಕಾದ್ದು ಒಂದೇ ಒಂದು ಫೋನ್. ತನ್ನದು ಹೊಸದು, ಕೆಟ್ಟರೆ ಹೊಟ್ಟೆ ಉರಿಯುತ್ತದೆ. ಹೆಂಡತಿ ತ್ರಿವೇಣಿ ತನ್ನ ಫೋನನ್ನು ಚಾರ್ಜಿಗೆ ಹಾಕಿ, ಪಕ್ಕದ ಮನೆಯ ಬಸುರಿ ಗಂಗಾಳ ಕುಬುಸಕ್ಕೆ ಹೋದಳು. ಇನ್ನೇನು ಬೇಕು!

ಅವಳು ಉಡಿ ತುಂಬಿ ಬರುವಷ್ಟರಲ್ಲಿ ಕ್ರಾಂತಿ ಮುಗಿದಿತ್ತು.

“ಏನ್ರೀ, ನನ್ನ ಅಂಗನವಾಡಿ ಆ್ಯಪ್ ಎಲ್ಲಿ?”

“ಅದು... ಹೊಸ ಸಿಸ್ಟಮ್ಮಿನಾಗ ಅದು ನಡಿಯಂಗಿಲ್ಲಂತ ಕಾಣ್ತದ.”

“ಮೂವತ್ತೆಂಟು ಕೂಸಿನ ತೂಕ ಅದರಾಗ ಇತ್ತು! ಮೊನ್ನೆ ನೆಟ್‌ವರ್ಕ್ ಇದ್ದಿಲ್ಲಂತ ಇನ್ನಾ ಕಳಿಸಿದ್ದಿಲ್ಲ. ಇದು ಸರ್ಕಾರ ಕೊಟ್ಟ ಫೋನ್ ರೀ!”

“ಬುಕ್ಕಿನಾಗ ಬರದಿರ್ತಿಯಲ್ಲ?”

“ಈ ಕಾಲದಾಗ ಬುಕ್ಕ್ ಯಾಕ ಅಂತ ಹೋದ ತಿಂಗಳು ಬಿಡಿಸಿದವರು ಯಾರು?”

ತ್ರಿವೇಣಿ ಮಲಪನಗುಡಿಯ ಅಂಗನವಾಡಿ ಟೀಚರು. ಮರುದಿನ ಹನ್ನೊಂದಕ್ಕೆ ಸೂಪರ್‌ವೈಸರ್ ರೇಣುಕಾದೇವಿ ಬರುವವರಿದ್ದರು. ತೂಕ ಕಳಿಸಿರದಿದ್ದರೆ ಅವಳಿಗೆ ನೋಟಿಸ್, ಆಮೇಲೆ ನೌಕರಿಗೇ ಕುತ್ತು.

ದಾರಿ ಹುಡುಕಲು ತನ್ನ ಫೋನ್ ತೆಗೆದವನಿಗೆ ಸಿಕ್ಕಿದ್ದು ಬೇರೆಯೇ ಸುದ್ದಿ. ಮೂರನೇ ಸಿಸ್ಟಮ್ಮಿನವರ ಮೇಲೆ ದೊಡ್ಡ ಕಂಪನಿಯೊಂದು ಕೇಸು ಜಡಿದಿತ್ತಂತೆ! ಪರದೆಯನ್ನು ಒಂದೇ ಬೆರಳಲ್ಲಿ ಕೆಳಗೆ ಎಳೆಯುವ ವಿದ್ಯೆಗೆ ಪೇಟೆಂಟ್ ತಮ್ಮದು, ಇವರು ಕದ್ದಿದ್ದಾರೆ ಎಂದು. ಮಧ್ಯಾಹ್ನದಿಂದ ತಾನು ಎಷ್ಟು ಸಲ ಎಳೆದಿದ್ದೆ? ಹೊರಗೆ ಬೈಕ್ ನಿಂತರೂ ಸಾಕು, ಕಂಪನಿಯ ವಕೀಲರೇ ಬಂದರೆಂದು ಕಿಟಕಿಯಲ್ಲಿ ಇಣುಕಿದ. ಒಂದು ಬೆರಳು ಬೇಡವೆಂದು ಎರಡು ಬೆರಳಲ್ಲಿ ಎಳೆದು ನೋಡಿದ. ಅದಕ್ಕೂ ಪೇಟೆಂಟ್ ಇದ್ದರೆ ಎಂದು ಕೈಯನ್ನೇ ಜೇಬಿಗೆ ಹಾಕಿಕೊಂಡ.

ಸಂಜೆ ಹೊಸಪೇಟೆಯ ಮೊಬೈಲ್ ಅಂಗಡಿಯಲ್ಲಿ ಎರ್ರೆಪ್ಪ ಹಳೆಯ ಸಿಸ್ಟಮ್ಮನ್ನೇ ಮತ್ತೆ ಹಾಕಿಕೊಟ್ಟ. “ಆ್ಯಪ್ ಬಂತಣ್ಣ. ಆದ್ರ ಒಳಗ ಇದ್ದದ್ದೆಲ್ಲ ಹೋತು,” ಎಂದ.

ಅಂದರೆ ಮೂವತ್ತೆಂಟು ಕೂಸುಗಳನ್ನೂ ಮತ್ತೆ ತೂಗಬೇಕು! ಸೋಮವಾರ ಎಂಟು ಗಂಟೆಗೆ ಗಂಡ ಹೆಂಡತಿ ಅಂಗನವಾಡಿಯಲ್ಲಿ ತಕ್ಕಡಿ ಇಟ್ಟರೆ ತಾಯಂದಿರು ಕೂಸುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತರು.

“ಮೊನ್ನೆನs ತೂಗೀರಿ. ಮತ್ತ ತೂಗಿದ್ರ ಕೂಸಿಗೆ ದಿಷ್ಟಿ ಆಗ್ತದ ಟೀಚರ. ಮೊದ್ಲು ದಿಷ್ಟಿ ತೆಗಸ್ರಿ!”

ಆ ಊರಿನಲ್ಲಿ ದೃಷ್ಟಿ ತೆಗೆಯುವವರೂ ಇಬ್ಬರೇ. ಮೇಲೋಣಿಯಲ್ಲಿ ಉಪ್ಪು ಮೆಣಸಿನಕಾಯಿಯ ದುರ್ಗಕ್ಕ, ಕೆಳಗೋಣಿಯಲ್ಲಿ ಕಸಬರಿಗೆ ಕಡ್ಡಿಯ ಜಂಬವ್ವ. ಒಬ್ಬರ ಓಣಿಗೆ ಇನ್ನೊಬ್ಬರು ಕಾಲಿಡುವುದಿಲ್ಲ. ಇಬ್ಬರಿಗೂ ಹೇಳಿ ಕಳಿಸಿದ್ದಾಯಿತು. ಗಂಟೆ ಒಂಬತ್ತಾದರೂ ಸುಳಿವಿಲ್ಲ. ಬಸವಕುಮಾರನೊಳಗಿನ ಕ್ರಾಂತಿಕಾರಿ ಮತ್ತೆ ಮೈಕೊಡವಿದ. ಇಲ್ಲೂ ಮೂರನೆಯವನೊಬ್ಬ ಯಾಕಿರಬಾರದು? ಮುಷ್ಟಿಯಲ್ಲಿ ಉಪ್ಪು ಮೆಣಸಿನಕಾಯಿ ಹಿಡಿದು ಮೊದಲ ಕೂಸಿಗೆ ಒಂದು ಸುತ್ತು ಸುತ್ತಿದನೋ ಇಲ್ಲವೋ, ಬಾಗಿಲಲ್ಲಿ ಗುಡುಗು!

“ಏ ತಮ್ಮಾ! ಅದು ನಮ್ಮತ್ತಿ ನನಗ ಕೊಟ್ಟ ವಿದ್ಯಾ. ಯಾರನ್ನ ಕೇಳಿ ಕೈ ಹಾಕಿದಿ?” ದುರ್ಗಕ್ಕ!

ಗಾಬರಿಯಲ್ಲಿ ಮೆಣಸಿನಕಾಯಿ ಕೆಳಗಿಟ್ಟು ಮೂಲೆಯಲ್ಲಿದ್ದ ಕಸಬರಿಗೆಗೆ ಕೈ ಹಾಕಿದ.

“ಕಸಬರಿಗಿ ಮುಟ್ಟಿದ್ರ ಅದರಲೆs ಏಟು ಬೀಳ್ತಾವು!” ಜಂಬವ್ವ!

ಪೇಟೆಂಟ್ ಕೇಸಿನಲ್ಲಿ ವಕೀಲರಾದರೂ ಇರುತ್ತಾರೆ. ಇಲ್ಲಿ ಬಸವಕುಮಾರನ ಪರವಾಗಿ ಹೆಂಡತಿಯೂ ಇರಲಿಲ್ಲ. ಗೋಡೆಯ ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು. ಆತ ಇಬ್ಬರು ಮುದುಕಿಯರ ಕಾಲಿಗೂ ಬಿದ್ದ. “ಯವ್ವಾ, ತಪ್ಪಾತು. ನಿಮ್ಮ ವಿದ್ಯಾ ನಿಮ್ಮದs. ತ್ರಿವೇಣಿ ನೌಕರಿ ಉಳಸ್ರಿ!”

ಆಮೇಲೆ ಮೇಲೋಣಿಯ ಕೂಸುಗಳು ಒಂದು ಸಾಲು, ಕೆಳಗೋಣಿಯವು ಇನ್ನೊಂದು. ಮುದುಕಿಯರು ನಿವಾಳಿಸಿದರು, ಬಸವಕುಮಾರ್ ಕೂಸುಗಳನ್ನು ತಕ್ಕಡಿಗೇರಿಸಿದ, ತ್ರಿವೇಣಿ ಫೋನಿನಲ್ಲಿ ಒತ್ತಿದಳು. ಪುಣ್ಯಕ್ಕೆ ಅವತ್ತು ನೆಟ್‌ವರ್ಕ್ ಇತ್ತು. ಎರಡು ಕೂಸು ಆತನ ಅಂಗಿ ತೊಯ್ಸಿದವು. ಮೂವತ್ತೆಂಟನೆಯದರ ತೂಕವೂ ಕಳಿಸಿದ್ದಾಯಿತೆಂದು ಫೋನ್ ತೋರಿಸುವುದಕ್ಕೂ ರೇಣುಕಾದೇವಿಯ ಸ್ಕೂಟಿ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಅವರು ಎಲ್ಲವನ್ನೂ ನೋಡಿ, “ಛಲೋ ಮಾಡೀರಿ,” ಎಂದರು. ಬಸವಕುಮಾರನಿಗೆ ಹೋದ ಜೀವ ಬಂದಂತಾಯಿತು.

ತ್ರಿವೇಣಿ ಮಾತ್ರ ಫೋನನ್ನು ದುರ್ಗಕ್ಕನ ಮುಂದಿಟ್ಟಳು. “ಯವ್ವಾ, ಇದೊಂದು ಉಳದದ. ಇದಕ್ಕೂ ದಿಷ್ಟಿ ತೆಗೀರಿ.”

“ಇದಕ್ಕ ಯಾರ ಕಣ್ಣು ಬಿದ್ದಿತ್ತವ್ವ?” ದುರ್ಗಕ್ಕ ಮೆಣಸಿನಕಾಯಿ ಆರಿಸುತ್ತಾ ಕೇಳಿದಳು. “ಹೆಸರು ಹೇಳಿ ಸುಡಬೇಕು.”

ತ್ರಿವೇಣಿ ಗಂಡನ ಕಡೆ ತಿರುಗಿದಳು. ತಾಯಂದಿರು, ಸೂಪರ್‌ವೈಸರು, ಮೂವತ್ತೆಂಟು ಕೂಸುಗಳು ಎಲ್ಲ ನೋಡುತ್ತಿರುವಾಗ ಬಸವಕುಮಾರನೇ ಶಾಲೆಯ ಹುಡುಗನ ಹಾಗೆ ಮೆಲ್ಲಗೆ ಕೈ ಎತ್ತಿದ.

“ಬಸವಕುಮಾರ್ ಅಂತ ಹೇಳಿ ಸುಡ್ರಿ.”