ಮಂಡಕ್ಕಿ ಭಟ್ಟಿಗೆ ಹೋದ ನೊಣಗಳು

1983ರ ಜನವರಿ 18. ಚಳಿಗಾಳಿ, ತೆಳು ಬಿಸಿಲು. ದಾವಣಗೆರೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನನಗೆ ಜಗ್ಗಾಟಗಳು ತಪ್ಪಿದ್ದಲ್ಲ. ಆ ವಾರ ಮಾತ್ರ ಸಾಲುಗಟ್ಟಿ ಬಂದವು.

ಕೋಣೆ

ಪ್ರಯೋಗದ ಕೋಣೆಯನ್ನು ಹಳೆ ಉತ್ತರಪತ್ರಿಕೆ ತುಂಬಲು ಬಿಟ್ಟುಕೊಡಬೇಕೆಂದರು ಪ್ರಿನ್ಸಿಪಾಲರು. "ಅಲ್ಲಿ ಏನು ಪ್ರಯೋಗ ಮಾಡ್ತೀರಿ?"

ಹೇಳಿದೆ: ತುಸು ಬಿಸಿ ತಾಗಿದರೆ ಜೀವಕೋಶ ಮಾಮೂಲಿ ಕೆಲಸಗಳನ್ನು ಬದಿಗಿಟ್ಟು, ತನ್ನೊಳಗಿನ ಪ್ರೋಟೀನುಗಳ ಆಕಾರ ಕೆಡದಂತೆ ಕಾಯುವ ಬೇರೆ ಪ್ರೋಟೀನುಗಳನ್ನು ಮಾಡಿಕೊಳ್ಳುತ್ತದೆ. ಆಮೇಲೆ ಜೋರು ಬಿಸಿ ಬಂದರೂ ಉಳಿಯುತ್ತದೆ. ಹಣ್ಣಿನ ನೊಣಗಳಲ್ಲಿ ತೋರಿಸಬಹುದು, ಬಿಸಿಪೆಟ್ಟಿಗೆ ಕೊಡಿಸಿ.

"ಪೆಟ್ಟಿಗೆ ಯಾಕ್ರಿ? ಏಪ್ರಿಲ್ ಬರ್ಲಿ."

"ಅಷ್ಟರಲ್ಲಿ ಕೋಣೆ ಇರಲ್ಲ ಸಾರ್. ಶನಿವಾರ ತೋರಿಸ್ತೀನಿ, ನೀವೇ ಬರ್ರಿ. ಸೋತರೆ ಕೀಲಿ ನಿಮ್ಮದು."

ಬಸ್ಸು

ನೊಣ ಸಾಕಿದ್ದು ಹರಿಹರದ ನನ್ನ ಮನೆಯಲ್ಲಿ. ಕೈಯಲ್ಲಿದ್ದ ಶೀಶೆಗಳನ್ನು ನೋಡಿ ಕಂಡಕ್ಟರ್ ಕೇಳಿದ, "ಏನ್ರಿ ಇವು?"

"ನೊಣ."

"ಯಾಕ, ದಾವಣಗೆರ್ಯಾಗ ಕಡಿಮಿ ಬಿದ್ದಾವೇನ್ರಿ?"

ಭಟ್ಟಿ

ಬಿಸಿಗಾಗಿ ಮಂಡಕ್ಕಿ ಹುರಿಯುವ ಭಟ್ಟಿಯ ಮಾಲೀಕ ಸಾಹೇಬರನ್ನು ಹಿಡಿದೆ. ಒಲೆಯ ಹಿಂದಿನ ಗೋಡೆಯಲ್ಲಿ ಎರಡು ಗೂಡು. ಒಂದು ಬೆಚ್ಚಗೆ, ಇನ್ನೊಂದು ಚೆನ್ನಾಗಿ ಕಾದದ್ದು. ಶನಿವಾರ ಒಂದು ಶೀಶೆಯನ್ನು ಬೆಚ್ಚನೆ ಗೂಡಿನಲ್ಲಿಟ್ಟು, ಇನ್ನೆರಡನ್ನು ಹೊರಗೆ ತಂಪಿನಲ್ಲಿ ಬಿಟ್ಟು, ಪ್ರಿನ್ಸಿಪಾಲರನ್ನು ಕರೆಯಲು ಹೋದೆ. ಬಂದು, ಬೆಚ್ಚಗಿದ್ದ ಶೀಶೆಯನ್ನೂ ಹೊರಗಿನದೊಂದನ್ನೂ ಕಾದ ಗೂಡಿಗೆ ಸೇರಿಸಿದೆ. ಅರ್ಧ ಗಂಟೆಯಾದ ಮೇಲೆ ತೆಗೆದರೆ ಎರಡರಲ್ಲೂ ನೊಣಗಳು ಓಡಾಡುತ್ತಿದ್ದವು. ಹೊರಗಿನವು ಸಾಯಬೇಕಿತ್ತು.

ಪ್ರಿನ್ಸಿಪಾಲರು ಕೈ ಚಾಚಿದರು. "ಕೀಲಿ ಕೊಡ್ರಿ."

ಸಾಹೇಬರು ತಲೆ ತುರಿಸಿಕೊಂಡರು. "ಮೇಷ್ಟ್ರೇ, ಅದನ್ನ ಹೊರಗೆ ಮರ್ತು ಹೋಗೀರಿ ಅಂತ ನಾನೇ ಬೆಚ್ಚಗೆ ಇಟ್ಟಿದ್ದೆ, ಬೈದೀರಿ ಅಂತ ನೀವು ಬರೋ ಹೊತ್ತಿಗೆ ತಿರುಗಿ ಹೊರಗಿಟ್ಟೆ. ಇನ್ನೊಂದಕ್ಕೆ ಜಾಗ ಸಾಲಲಿಲ್ಲ. ನಾವು ಅಕ್ಕೀನೂ ಮೊದ್ಲು ಬೆಚ್ಚಗೆ ಮಾಡ್ದೆ ಕಾದ ಮರಳಿಗೆ ಹಾಕಲ್ರಿ. ಹಾಕಿದ್ರೆ ಮಾಲು ಖರಾಬ್."

"ಕೀಲಿ ಕೊಡಲ್ಲ ಸಾರ್, ಕೂಡ್ರಿ" ಎಂದೆ. ಹೊರಗೇ ಉಳಿದಿದ್ದ ಮೂರನೆಯ ಶೀಶೆಯನ್ನು ನೇರ ಕಾದ ಗೂಡಿಗಿಟ್ಟೆ. ಮತ್ತೆ ಅರ್ಧ ಗಂಟೆ ಕಾದೆವು. ತೆಗೆದಾಗ ಒಂದು ನೊಣವೂ ಉಳಿದಿರಲಿಲ್ಲ.

ರಸೀದಿ

ಪ್ರಿನ್ಸಿಪಾಲರು ಬೆವರು ಒರೆಸಿಕೊಂಡರು. "ಆಯ್ತು, ಕೋಣೆ ಇಟ್ಕೊಳ್ರಿ. ಭಟ್ಟಿ ಖರ್ಚು ನಿಮ್ಮ ಜೇಬಿಂದ."

"ಇಲ್ಲ ಸಾರ್. ಕೋಣೆ ಕಾಲೇಜಿಂದು, ಪ್ರಯೋಗ ಕಾಲೇಜಿಂದು. ಖರ್ಚೂ ಕಾಲೇಜಿಂದೇ."

"ಹಂಗಾದ್ರೆ ರಸೀದಿ ತರ್ರಿ."

ಸಾಹೇಬರು ಮಂಡಕ್ಕಿ ಕಟ್ಟುವ ಕಾಗದದ ಮೇಲೆ ಬರೆದುಕೊಟ್ಟರು. ಸೋಮವಾರ ಪ್ರಿನ್ಸಿಪಾಲರು ಹಲ್ಲು ಕಚ್ಚಿಕೊಂಡು ಸಹಿ ಹಾಕಿ, ಕಾಲೇಜಿನ ಮೊಹರು ಒತ್ತಿ ಹಣ ಕೊಟ್ಟರು. ರಸೀದಿಯಲ್ಲಿ ಇದ್ದದ್ದು ಇಷ್ಟು: "ನೊಣ ಹುರಿದ ಕೂಲಿ, ಶೀಶೆ ಒಂದಕ್ಕೆ ಎರಡು ರೂಪಾಯಿ. ಬಾಕಿ ಎರಡು ಶೀಶೆ ಮಾಲು ಹುರಿಯಲಿಲ್ಲ, ಅದಕ್ಕೆ ಕೂಲಿ ಬ್ಯಾಡ."