‘ಟೆಕ್ನಿಷಿಯನ್’ ಎಂಬ ಪದವನ್ನು ಯಾರು, ಎಲ್ಲಿ, ಎಷ್ಟರ ಮಟ್ಟಿಗೆ ಬಳಸಬಹುದು ಎಂಬ ಬಗ್ಗೆ

ನೀರೆತ್ತುವ ಇಲಾಖೆ
ಅಧೀಕ್ಷಕರ ಕಚೇರಿ, ಪಂಪ್‌ಹೌಸ್ ಹಿಂಭಾಗ, ಮೊದಲನೇ ಮಹಡಿ
ಸಂಖ್ಯೆ: ನೀಎಇ/ಪದಬಳಕೆ/೧೭

ಸುತ್ತೋಲೆ

ವಿಷಯ: ‘ಟೆಕ್ನಿಷಿಯನ್’ ಪದದ ಅರ್ಥ, ಬಳಕೆ ಮತ್ತು ದುರ್ಬಳಕೆ.

ಉಲ್ಲೇಖ: ೧. ಎರಡನೇ ಪಂಪಿನ ದುರಸ್ತಿ ಪುಸ್ತಕ, ಪುಟ ೪೧.
೨. ಸದರಿ ಪುಟವನ್ನು ನೋಡಿ ಅಧೀಕ್ಷಕರಿಗೆ ಉಂಟಾದ ಆಘಾತ.

ಕಳೆದ ಗುರುವಾರ ಎರಡನೇ ಪಂಪು ನಿಂತು, ಅರ್ಧ ಊರಿನ ನಲ್ಲಿಗಳು ಒಣಗಿ, ಪಂಪ್‌ಹೌಸಿನ ಸಹಾಯಕರೊಬ್ಬರು ನಾಲ್ಕು ಗಂಟೆಯಲ್ಲಿ ಬೇರಿಂಗ್ ಬದಲಾಯಿಸಿ ನೀರು ಬಿಟ್ಟಿದ್ದು ಸರಿಯಷ್ಟೆ. ಇದರಿಂದ ಇಲಾಖೆಗೆ ಯಾವ ತೊಂದರೆಯೂ ಆಗಿಲ್ಲ. ಆದರೆ ಕೆಲಸ ಮುಗಿದ ಮೇಲೆ ಸುಮ್ಮನೆ ಕೈ ತೊಳೆದುಕೊಂಡು ಮನೆಗೆ ಹೋಗುವ ಬದಲು, ಅವರು ದುರಸ್ತಿ ಪುಸ್ತಕದ ‘ಟೆಕ್ನಿಷಿಯನ್ ಸಹಿ’ ಎಂಬ ಕಾಲಂನಲ್ಲಿ ತಮ್ಮ ಸಹಿ ಹಾಕಿರುತ್ತಾರೆ. ಸಹಿ ಸ್ಪಷ್ಟವಾಗಿದೆ. ಪಕ್ಕದಲ್ಲಿ ಗ್ರೀಸಿನ ಹೆಬ್ಬೆಟ್ಟಿನ ಗುರುತೂ ಇದೆ.

ಸದರಿ ಕಾಲಂ ಒಂಬತ್ತು ವರ್ಷಗಳಿಂದ ಖಾಲಿ ಇತ್ತು. ಟೆಕ್ನಿಷಿಯನ್ ಹುದ್ದೆಯಲ್ಲಿ ಎಂಟು ತಿಂಗಳ ಹಿಂದಿನವರೆಗೆ ಯಾರೂ ಇಲ್ಲದ ಕಾರಣ ಸಹಿ ಹಾಕುವವರಿರಲಿಲ್ಲ. ಸಹಿಯಿಲ್ಲದ ದುರಸ್ತಿಯನ್ನು ನಡೆದೇ ಇಲ್ಲವೆಂದು ಪರಿಗಣಿಸುವುದು ನಿಯಮ. ಹೀಗಾಗಿ ಒಂಬತ್ತು ವರ್ಷ ಒಮ್ಮೆಯೂ ಕೆಡದ ಪಂಪ್‌ಹೌಸ್ ಎಂದು ನಮಗೆ ಪ್ರಶಂಸಾ ಫಲಕ ದೊರೆತು, ಅದನ್ನು ಅಧೀಕ್ಷಕರ ಕುರ್ಚಿಯ ಹಿಂದೆ ತೂಗುಹಾಕಲಾಗಿದೆ. (ಮೊಳೆ ಹೊಡೆದವರು ಸದರಿ ಸಹಾಯಕರೇ.) ಈಗ ಒಂದು ಸಹಿಯಿಂದ ಫಲಕದ ಮಾನ ಹರಾಜಾಗಿರುವುದರಿಂದ, ಎಲ್ಲರ ತಿಳಿವಳಿಕೆಗಾಗಿ ಈ ಕೆಳಗಿನಂತೆ ಸೂಚಿಸಲಾಗಿದೆ.

೧. ಪದದ ಅರ್ಥವನ್ನು ತಿಳಿಯಲು ಗ್ರಂಥಾಲಯದಿಂದ ನಿಘಂಟೊಂದನ್ನು ತರಿಸಲಾಯಿತು. ಅದರಲ್ಲಿ ‘ಯಂತ್ರದ ಕೆಲಸದಲ್ಲಿ ಕೈ ಪಳಗಿದವನು’ ಎಂದಿದೆ. ಈ ಅರ್ಥವು ಇಲಾಖೆಯ ಹಿತಕ್ಕೆ ವಿರುದ್ಧವಾಗಿರುವುದರಿಂದ ಆ ಪುಟಕ್ಕೆ ಪಿನ್ನು ಹೊಡೆದು, ನಿಘಂಟನ್ನು ಹಿಂದಿರುಗಿಸಲಾಗಿದೆ. ಇನ್ನು ಮುಂದೆ ಟೆಕ್ನಿಷಿಯನ್ ಎಂದರೆ ಚೌಕಟ್ಟು ಹಾಕಿಸಿದ ಪ್ರಮಾಣಪತ್ರವುಳ್ಳವರು ಎಂದು ಓದಿಕೊಳ್ಳತಕ್ಕದ್ದು. ಕೈ ಪಳಗಿರುವುದು ಅಡ್ಡಿಯಲ್ಲ, ಆದರೆ ಅಗತ್ಯವೂ ಇಲ್ಲ.

೨. ಸದರಿ ಹುದ್ದೆಯನ್ನು ಎಂಟು ತಿಂಗಳ ಹಿಂದೆ ಅಧೀಕ್ಷಕರ ತಂಗಿಯ ಮಗಳಿಂದ ತುಂಬಲಾಗಿದೆ. ಆಯ್ಕೆಯು ಸಂಪೂರ್ಣ ಅರ್ಹತೆಯ ಮೇಲೆ ನಡೆದಿದ್ದು, ಇದನ್ನು ಯಾರೂ ಪ್ರಶ್ನಿಸಿಲ್ಲವಾದರೂ ಸ್ಪಷ್ಟಪಡಿಸಲಾಗಿದೆ. ಫಲಕದ ಗೌರವಾರ್ಥ ಅವರಿಗೂ ಕಾಲಂ ಖಾಲಿ ಬಿಡಲು ಮೌಖಿಕವಾಗಿ ತಿಳಿಸಲಾಗಿತ್ತು.

೩. ಸಹಾಯಕರು ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಪಂಪಿನ ಮೈಗೆ ಒತ್ತಿ, ಹಿಡಿಯನ್ನು ತಮ್ಮ ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುವುದು ಕಂಡುಬಂದಿದೆ. ಸ್ಕ್ರೂಡ್ರೈವರ್ ಇರುವುದು ಸ್ಕ್ರೂ ತಿರುಗಿಸಲು. ಕಿವಿಯು ಇಲಾಖೆಯ ಉಪಕರಣಗಳ ಪಟ್ಟಿಯಲ್ಲಿಲ್ಲ. ಅದರ ಮೇಲೆ ದಾಸ್ತಾನು ಸಂಖ್ಯೆಯೂ ಬರೆದಿಲ್ಲ. ಕರ್ತವ್ಯದ ವೇಳೆಯಲ್ಲಿ ಕಣ್ಣು ಮುಚ್ಚುವ ಅವಕಾಶ ಮೇಲಧಿಕಾರಿಗಳಿಗೆ ಮಾತ್ರ ಇರುತ್ತದೆ.

೪. ಇದೇ ರೀತಿ ಕಿವಿಗೊಟ್ಟು, ಸಹಾಯಕರು ಸೋಮವಾರವೇ “ಬೇರಿಂಗ್ ಹೋಗ್ತಿದೆ ಸಾರ್. ಗುರುವಾರದ ತನಕ ಹೇಗೋ ಎಳೆಯುತ್ತೆ, ಆಮೇಲೆ ಕೈ ಕೊಡುತ್ತೆ” ಎಂದು ಅಧೀಕ್ಷಕರಿಗೆ ತಿಳಿಸಿದ್ದರು. ಟೆಕ್ನಿಷಿಯನ್ ಅಲ್ಲದವರಿಗೆ ಅಭಿಪ್ರಾಯ ಇರಲು ಬರುವುದಿಲ್ಲವಾದ್ದರಿಂದ ಮಾತನ್ನು ಕಿವಿಗೆ ಹಾಕಿಕೊಂಡಿರುವುದಿಲ್ಲ. ಪಂಪು ಗುರುವಾರವೇ ನಿಂತಿತು. ಪಂಪಿಗೂ ಸಹಾಯಕರಿಗೂ ಒಳಒಪ್ಪಂದವಿತ್ತೇ ಎಂಬುದನ್ನು ಪರಿಶೀಲಿಸಲಾಗುತ್ತಿದೆ.

೫. ಸಾರ್ವಜನಿಕರು ದಾರಿಯಲ್ಲಿ ಸಹಾಯಕರನ್ನು ನಿಲ್ಲಿಸಿ ‘ಟೆಕ್ನಿಷಿಯನ್ ಸಾರ್’ ಎಂದು ಕರೆಯುವುದನ್ನು ತಕ್ಷಣ ಬಿಡತಕ್ಕದ್ದು. ಅವರ ಪತ್ನಿ ನೆರೆಯವರ ಬಳಿ “ನಮ್ಮನೆಯವರು ಟೆಕ್ನಿಷಿಯನ್ನು” ಎಂದು ಹೇಳಿರುವ ಬಗ್ಗೆ ವರದಿಯಿದೆ. ಇನ್ನು ಮುಂದೆ ಅವರು ‘ನಮ್ಮನೆಯವರು ಟೆಕ್ನಿಷಿಯನ್ ಸ್ವರೂಪದ ಸಹಾಯಕರು’ ಎಂದು ಹೇಳಬಹುದು. ‘ಸ್ವರೂಪದ’ ಎಂಬುದನ್ನು ನೆರೆಯವರಿಗೆ ಕೇಳುವಂತೆ ಹೇಳುವುದು.

೬. ‘ಟೆಕ್ನಿಷಿಯನ್ ಸಹಿ’ ಕಾಲಂನಲ್ಲಿ ಬರೆಯುವ, ತಿದ್ದುವ, ಹೊಡೆದುಹಾಕುವ ಅಥವಾ ಬೆರಳಿಡುವ ಅಧಿಕಾರ ಟೆಕ್ನಿಷಿಯನ್ ಒಬ್ಬರಿಗೇ ಇರುತ್ತದೆ. ಅಧೀಕ್ಷಕರಿಗೂ ಇರುವುದಿಲ್ಲ. ಈ ಕಲಂ ಅನ್ನು ಅಧೀಕ್ಷಕರು ಬಹಳ ಸಿಟ್ಟಿನಲ್ಲಿ, ಸ್ವತಃ ಬರೆಸಿರುತ್ತಾರೆ.

೭. ಸಹಾಯಕರ ವಿವರಣೆ ಕೇಳಲಾಯಿತು. ಅವರು ನಿಂತುಕೊಂಡೇ ನೀಡಿದ ಹೇಳಿಕೆಯನ್ನು ಇದ್ದಂತೆಯೇ ದಾಖಲಿಸಲಾಗಿದೆ: “ಇಪ್ಪತ್ತಾರು ವರ್ಷ ಆಯ್ತು ಸಾರ್. ಮೊದಲಿದ್ದ ಟೆಕ್ನಿಷಿಯನ್ ಇದ್ದಾಗ ನಾನು ಮಾಡಿದ್ದಕ್ಕೆ ಅವರು ಸಹಿ ಹಾಕ್ತಿದ್ರು. ಆಮೇಲೆ ನಾನು ಮಾಡಿದ್ದು ಆಗೇ ಇಲ್ಲ ಅಂತಾಯ್ತು. ಈ ತಿಂಗಳ ಕೊನೆಗೆ ನಿವೃತ್ತಿ. ಒಂದು ಕಡೆನಾದ್ರೂ ನಾನಿದ್ದೆ ಅಂತ ಇರಲಿ ಅನ್ನಿಸ್ತು, ಹಾಕ್ಬಿಟ್ಟೆ. ತಪ್ಪಾಗಿದ್ರೆ ಹೊಡೆದುಹಾಕಿ.”

ಈ ವಿವರಣೆಯನ್ನು ತೃಪ್ತಿಕರವಲ್ಲವೆಂದು ತಿರಸ್ಕರಿಸಲಾಗಿದೆ. ಕರಡು ಬರೆಯುತ್ತಿರುವ ಗುಮಾಸ್ತರು ‘ತಿರಸ್ಕರಿಸಲಾಗಿದೆ’ ಎಂಬುದನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಬರೆದಿರುತ್ತಾರೆ. ಅವರ ಅಭಿಪ್ರಾಯವನ್ನು ಯಾರೂ ಕೇಳಿರುವುದಿಲ್ಲ.

೮. ಸಹಿಯನ್ನು ಕೂಡಲೇ ಹೊಡೆದುಹಾಕಿ, ಕಾಲಂ ಅನ್ನು ಮೊದಲಿನಂತೆ ಖಾಲಿ ಮಾಡಲು ಟೆಕ್ನಿಷಿಯನ್‌ರವರಿಗೆ ಆದೇಶಿಸಲಾಯಿತು. ಅಧೀಕ್ಷಕರ ಕೊಠಡಿಯಲ್ಲಿ, ಸದರಿ ಫಲಕದ ಎದುರಿನಲ್ಲೇ ಅವರಿಗೆ ಪುಸ್ತಕವನ್ನೂ ಕೆಂಪು ಪೆನ್ನನ್ನೂ ಕೊಡಲಾಯಿತು. ಅವರು ಪುಟವನ್ನು ನೋಡಿ, ಪೆನ್ನಿನ ಮುಚ್ಚಳ ಹಾಕಿ, ಈ ಕೆಳಗಿನಂತೆ ಹೇಳಿರುತ್ತಾರೆ:

“ಅವತ್ತು ಕೆಲಸ ಮಾಡಿದ್ದು ಅವರು. ನಾನು ಟಾರ್ಚ್ ಹಿಡ್ಕೊಂಡು ನಿಂತಿದ್ದೆ ಅಷ್ಟೇ. ನನಗೆ ಗೊತ್ತಿರೋ ಕೆಲಸ ಎಲ್ಲಾ ಈ ಎಂಟು ತಿಂಗಳಲ್ಲಿ ಅವರು ಹೇಳಿಕೊಟ್ಟಿದ್ದು. ಇದನ್ನ ಹೊಡೆದುಹಾಕೋಕೆ ನನಗೆ ಕೈ ಬರಲ್ಲ ಮಾವ.”

ಕಚೇರಿಯಲ್ಲಿ ‘ಮಾವ’ ಎಂಬ ಪದದ ಬಳಕೆಯ ಬಗ್ಗೆ ಪ್ರತ್ಯೇಕ ಸುತ್ತೋಲೆ ಹೊರಡಿಸಲಾಗುವುದು.

೯. ಟೆಕ್ನಿಷಿಯನ್‌ರವರು ನಿರಾಕರಿಸಿದ್ದರಿಂದಲೂ, ಕಲಂ ೬ರಂತೆ ಬೇರೆ ಯಾರೂ ಸದರಿ ಕಾಲಂಗೆ ಬೆರಳಿಡುವಂತಿಲ್ಲವಾದ್ದರಿಂದಲೂ, ಕಲಂ ೬ನ್ನು ತಿದ್ದಲು ಬೇಕಾದ ಸಮಿತಿಯು ಮುಂದಿನ ವರ್ಷ ಸೇರಲಿರುವುದರಿಂದಲೂ, ಸಹಾಯಕರ ಸಹಿಯು ಅನಧಿಕೃತವೆಂದು ಘೋಷಿಸುತ್ತಾ, ಅದನ್ನು ಇದ್ದಲ್ಲಿಯೇ, ಇದ್ದಂತೆಯೇ, ಹೆಬ್ಬೆಟ್ಟಿನ ಗುರುತಿನ ಸಮೇತ ಬಿಡಲು ಈ ಮೂಲಕ ಆದೇಶಿಸಲಾಗಿದೆ.

(ಸಹಿ)
ಅಧೀಕ್ಷಕರು
ನೀರೆತ್ತುವ ಇಲಾಖೆ

ಪ್ರತಿಗಳು:
೧. ಗ್ರಂಥಪಾಲಕರಿಗೆ, ನಿಘಂಟಿನ ಪಿನ್ನು ಕೀಳಬಾರದೆಂಬ ಕೋರಿಕೆಯೊಂದಿಗೆ.
೨. ಫಲಕ ನೀಡಿದ ಮೇಲಿನ ಕಚೇರಿಗೆ. (ಕಳುಹಿಸತಕ್ಕದ್ದಲ್ಲ.)
೩. ಟೆಕ್ನಿಷಿಯನ್‌ರವರಿಗೆ, ಅವರ ತಾಯಿಯವರ ಮೂಲಕ.
೪. ಸಹಾಯಕರ ಪತ್ನಿಯವರಿಗೆ, ಕಲಂ ೫ನ್ನು ಬಾಯಿಪಾಠ ಮಾಡಲು.
೫. ಸಹಾಯಕರಿಗೆ, ಖುದ್ದಾಗಿ. ಪ್ರತಿ ಮುಟ್ಟಿದ್ದಕ್ಕೆ ಯಾವ ಕಾಲಂನಲ್ಲಿ ಸಹಿ ಹಾಕಬೇಕೆಂದು ಅವರು ಕೇಳಿರುತ್ತಾರೆ. ಉತ್ತರವು ಪರಿಶೀಲನೆಯಲ್ಲಿದೆ.